ಬಿರುಕಿನ ಮೇಲಿನ ಗಾಜು

ಸ್ವಲ್ಪ ನಿಲ್ಲಿ, ಇದೊಂದನ್ನು ಕೇಳಿಯೇ ಹೋಗಿ. ಬೀದಿಯ ಕೊನೆಯ ನೂರು ವರ್ಷದ ಮನೆ ಉಳಿಯುತ್ತದೋ ಉರುಳುತ್ತದೋ ಎಂಬುದು ಅಂಗೈಯಗಲದ ಒಂದು ಗಾಜಿನ ಮೇಲೆ ನಿಂತಿತ್ತು.

ಮನೆ ಪಾಳುಬಿದ್ದು ವರ್ಷಗಳೇ ಆಗಿದ್ದವು. ಸೂರು ಸೋರಿ, ಹಜಾರದ ಗೋಡೆಯಲ್ಲಿ ಉದ್ದಕ್ಕೆ ಬಿರುಕು. 'ಅಪಾಯಕಾರಿ ಕಟ್ಟಡ' ಎಂದು ಬರೆಯಲು ಪುರಸಭೆಯ ಇಂಜಿನಿಯರ್ ಪೆನ್ನು ತೆಗೆದಾಗ, ರಿಪೇರಿಗೆಂದು ಕರೆಸಿದ್ದ ಗಾರೆ ಕೆಲಸದವಳು ಅಡ್ಡ ನಿಂತಳು.

"ಸಾರ್, ಬಿರುಕು ಹಳೇದು, ಗೋಡೆ ಈಗ ಅಲ್ಲಾಡ್ತಿಲ್ಲ. ಇಂಥ ಗೋಡೆ ಎಬ್ಬಿಸೋ ಕೈ ಈಗ ಯಾರಿಗಿದೆ ಹೇಳಿ? ಒಂದು ತಿಂಗಳು ಕೊಡಿ, ತೋರಿಸ್ತೀನಿ."

ಬಿರುಕಿಗೆ ಅಡ್ಡಲಾಗಿ ತೆಳುಗಾಜು ಇಟ್ಟು, ಎರಡೂ ತುದಿಗೆ ಗಾರೆ ಮೆತ್ತಿ, ತಾರೀಕು ಬರೆದಳು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಸೀಳುತ್ತದೆ. ಸೀಳಿದರೆ ಮನೆ ನೆಲಸಮ, ಉಳಿದರೆ ರಿಪೇರಿ.

ಕೆಡವುವ ಗುತ್ತಿಗೆ ಹಿಡಿದವನು ಬೇರೆ ಯಾರೂ ಅಲ್ಲ, ಅವಳ ಅಕ್ಕನ ಗಂಡ.

"ಏನಮ್ಮಾ, ಸತ್ತವರ ನಾಡಿ ಹಿಡೀತಿದೀಯಾ?"

"ಉಸಿರಾಡೋರನ್ನೇ ಹೂಳೋಕೆ ಹೊರಟಿದೀರಲ್ಲ ಭಾವ, ಅದಕ್ಕೇ!"

ಮೂವತ್ತನೆಯ ದಿನ ಬೆಳಿಗ್ಗೆ ಇಂಜಿನಿಯರ್ ಬರುವಷ್ಟರಲ್ಲಿ ಬಾಗಿಲ ಮುಂದೆ ಕೆಡವುವ ಯಂತ್ರ ಗುರುಗುಟ್ಟುತ್ತಿತ್ತು. ಒಳಗೆ ಹೋಗಿ ನೋಡಿದರೆ ಗಾಜು ಒಡೆದಿದೆ!

"ಮುಗೀತಲ್ಲ," ಎಂದ ಭಾವ. "ಸೈನ್ ಹಾಕಿ ಸಾರ್."

"ತಾಳಿ ಸಾರ್!" ಅವಳು ಬಗ್ಗಿ ನೋಡಿದಳು. ಬಿರುಕಿನ ಗುಂಟ ಒಂದೇ ಸೀಳು ಇರಬೇಕಿತ್ತು. ಇಲ್ಲಿ ಜೇಡರ ಬಲೆಯಂತೆ ಸುತ್ತಲೂ ಗೆರೆ, ನಡುವೆ ಬೊಟ್ಟಿನಷ್ಟು ಪುಡಿ. "ಗೋಡೆ ಸರಿದ್ರೆ ಹೀಗೆ ಒಡೆಯಲ್ಲ. ಇದು ಸುತ್ತಿಗೆ ಏಟು."

"ಯಾರದು?" ಎಂದ ಇಂಜಿನಿಯರ್. "ಹೆಸರು ಹೇಳಿದ್ರೆ ಬರ್ಕೋತೀನಿ. ಇಲ್ಲಾಂದ್ರೆ ನನ್ನ ಲೆಕ್ಕಕ್ಕೆ ಒಡೆದ ಗಾಜು ಒಡೆದಿದ್ದೇ."

ಬೀಗದ ಕೈ ಇದ್ದದ್ದು ಎರಡೇ: ಒಂದು ಅವಳ ಸೊಂಟದಲ್ಲಿ, ಇನ್ನೊಂದು ಭಾವನ ಜೇಬಿನಲ್ಲಿ. ಗಂಡನಿಗೆ ಬುತ್ತಿ ತಂದಿದ್ದ ಅಕ್ಕ ಬಾಗಿಲಲ್ಲೇ ನಿಂತು, ಬೇಡ ಕಣೇ ಎಂಬಂತೆ ತಲೆಯಾಡಿಸಿದಳು. ಹೆಸರು ಹೊರಬಿದ್ದರೆ ಭಾವನ ಲೈಸೆನ್ಸ್ ಹೋಗುತ್ತದೆ, ಅಕ್ಕನ ಒಲೆ ಆರುತ್ತದೆ. ಬಾಯಿ ಮುಚ್ಚಿಕೊಂಡರೆ ಮಧ್ಯಾಹ್ನದೊಳಗೆ ಮನೆ ಮಣ್ಣುಪಾಲು.

ಅವಳು ಆ ಗೋಡೆಗೇ ಬೆನ್ನು ಆನಿಸಿ ನಿಂತಳು. "ನಮ್ಮ ಭಾವ ಸಾರ್. ಬರ್ಕೊಳ್ಳಿ."

"ಮನೆಮುರುಕಿ!"

"ಮನೆ ಮುರಿಯೋಕೆ ಮೆಷಿನ್ ತಂದಿರೋದು ನೀವು ಭಾವ, ನಾನಲ್ಲ."

ಯಂತ್ರ ಬಂದ ದಾರಿಗೆ ಸುಂಕವಿಲ್ಲದೆ ವಾಪಸ್ ಹೋಯಿತು. ಇನ್ನೊಂದು ತಿಂಗಳು ಸಿಕ್ಕಿ ಹೊಸ ಗಾಜು ಅಂಟಿತು. ಬೀಗ ಬದಲಾಯಿತು. ತಿಂಗಳು ತುಂಬಿದರೂ ಗಾಜು ಸೀಳಲಿಲ್ಲ, ಮನೆ ಉಳಿಯಿತು. ಆದರೆ ಅಕ್ಕ ಮಾತು ಬಿಟ್ಟಳು, ಬೀದಿಯಲ್ಲಿ ಎದುರಾದರೆ ಆಚೆ ಬದಿಗೆ ದಾಟುತ್ತಾಳೆ. ಇವಳು ಅತ್ತದ್ದೂ ಉಂಟು. ಆಡಿದ ಮಾತನ್ನು ಮಾತ್ರ ಹಿಂತೆಗೆದುಕೊಂಡಿಲ್ಲ. ನೂರು ವರ್ಷ ನಿಯತ್ತಾಗಿ ನಿಂತ ಗೋಡೆಯ ಮೇಲೆ ಸುಳ್ಳು ಹೊರಿಸಲು ಬಿಡಬೇಕಿತ್ತೇ ಎನ್ನುತ್ತಾಳೆ.

ಎದುರಿಗೆ ಸ್ವಂತ ಅಕ್ಕ, ಬೆನ್ನಿಗೆ ಆ ಗೋಡೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ, ಹೇಳಿ?