ಮೇಡಂ ಹೆಸರಿನ ಬಿಲ್ಲೆ

"ಯಾವ ರಂಡಿ ಹಾಕ್ಕೊಂಡಿದ್ಲು ಇದನ್ನ? ಬಾಯಿ ಬಿಡ್ರಿ!"

ಚನ್ನೇಶ ಡಾಕ್ಟರು ಕೈಯಲ್ಲಿದ್ದ ಕಾಗದವನ್ನು ತಾಟಿಗೆ ಬಡಿದರು. ತಾಟು ಮಗುಚಿ, ಹಲ್ಲು ಕೀಳುವ ಇಕ್ಕಳಗಳು ನೆಲದ ತುಂಬ ಚೆಲ್ಲಿದವು. ನಾನು ಬಗ್ಗಿ ಆರಿಸಲು ಹೋದೆ.

"ಬಿಡ ಅವನ್ನ. ಮದ್ಲ ಇದಕ್ಕ ಜವಾಬ ಕೊಡು."

ಸವಣೂರಿನ ಆ ಹಲ್ಲಿನ ದವಾಖಾನೆಯಲ್ಲಿ ದುಡಿಯುವವರು ನಾವಿಬ್ಬರೇ. ಕಸ ಹೊಡೆಯಲು ಹಾಲವ್ವ, ಮಿಕ್ಕ ಎಲ್ಲದಕ್ಕೂ ನಾನು, ಗುಲ್ನಾರ. ಡಾಕ್ಟರ ಕೈಯಲ್ಲಿದ್ದದ್ದು ಒಂದು ಬಿಲ್ಲೆಯ ವರದಿ. ಎಕ್ಸರೇ ಕೋಣೆಯಲ್ಲಿ ಕೆಲಸ ಮಾಡುವವರು ಎದೆಗೆ ಸಿಕ್ಕಿಸಿಕೊಳ್ಳಬೇಕೆಂದು ಸರಕಾರ ಹೇಳಿದ ಬಿಲ್ಲೆ ಅದು. ಮೂರು ತಿಂಗಳಿಗೊಮ್ಮೆ ಅದನ್ನು ಲ್ಯಾಬಿನಲ್ಲಿ ಓದಿಸಲು ಕಳಿಸಬೇಕು. ಕಳಿಸದಿದ್ದರೆ ಮಷೀನಿನ ಲೈಸನ್ಸಿಗೆ ಕುತ್ತು. ಮಷೀನು ನಡೆಸುವವರು ಎಂದು ಲೈಸನ್ಸಿನ ಕಾಗದದಲ್ಲಿದ್ದ ಹೆಸರು ಡಾಕ್ಟರ ಹೆಂಡತಿ ಪೂಜಾ ಮೇಡಂ ಅವರದು. ಬಿಲ್ಲೆಯೂ ಅವರ ಹೆಸರಿನದೇ. ಆದರೆ ಮೇಡಂ ಆ ಕೋಣೆಯ ಹೊಸ್ತಿಲು ದಾಟಿದ್ದು ಹೊಸ ಮಷೀನಿಗೆ ಆರತಿ ಬೆಳಗಿದ ದಿನ ಮಾತ್ರ. ಅಂಥವರ ಬಿಲ್ಲೆಯ ಮೇಲೆ ಬೀಳಬಾರದಷ್ಟು ಕಿರಣ ಬಿದ್ದಿದೆ, ವಿಚಾರಣೆಗೆ ಸಾಹೇಬರು ಬರುತ್ತಾರೆ ಎಂದು ಕಾಗದ ಹೇಳುತ್ತಿತ್ತು.

"ಇಲಿ ಒಯ್ದಿರಬೇಕ್ರಿ ಸರ," ಅಂದಳು ಹಾಲವ್ವ. "ಮನ್ನಿ ನಿಮ್ಮ ಕಾಲಚೀಲಾ ಸುದ್ದಾ ಒಯ್ದಿತ್ತು."

"ಇಲಿಗೆ ಎಕ್ಸರೇ ತಗಸ್ಕೊಳ್ಳೂ ಹುಚ್ಚ ಹಿಡದಿತ್ತೇನ, ಮುದಿ ಬೋಸುಡಿ?"

"ಹಲ್ಲ ನೂಸಾಕತ್ತಿದ್ದೂವು ಏನೋ."

ಡಾಕ್ಟರು ಕೈ ಎತ್ತಿದರು. ಆ ಕೈ ಹಾಲವ್ವನ ಮೇಲೆ ಇಳಿಯುವ ಮೊದಲು ನಾನು ಹೇಳಿಬಿಟ್ಟೆ.

"ನಾನ ಹಾಕ್ಕೊಂಡಿದ್ನಿರಿ."

"ನೀನಾ? ಯಾಕ? ಚಂದ ಕಾಣ್ತೇನಿ ಅಂತೇನ?"

"ಅದು ಕಾಯ್ತೈತಿ ಅಂತ ತಿಳದಿದ್ನಿರಿ."

ಅವರು ನನ್ನನ್ನೇ ನೋಡಿದರು. ಆಮೇಲೆ ನಕ್ಕರು. ನಗು ಬೇಗ ನಿಲ್ಲಲಿಲ್ಲ.

"ತಾಯತ ಅಂತ ತಿಳದೇನ? ನಿಮ್ಮ ಮಂದಿಗೆ ಕಂಡದ್ದೆಲ್ಲಾ ತಾಯತ. ಅದು ಯಾರನ್ನೂ ಕಾಯೂದಿಲ್ಲಲೇ ಹುಚ್ಚಿ. ಮೈಮ್ಯಾಲ ಎಷ್ಟ ಬಿತ್ತು ಅಂತ ಬರಕೋತೈತಿ, ಅಷ್ಟ."

ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಹಾಲವ್ವ ಅದನ್ನು ನೋಡಿದಳು.

"ಆಕಿ ಹೊಟ್ಟೀಲೆ ಅದಾಳ್ರಿ ಸರ," ಅಂದಳು. ಅವಳ ದನಿಯಲ್ಲಿ ಈಗ ಚೇಷ್ಟೆ ಇರಲಿಲ್ಲ.

ಡಾಕ್ಟರು ನಳದ ಹತ್ತಿರ ಹೋಗಿ ಕೈ ತೊಳೆದುಕೊಂಡರು. ಹೊಲಸಾಗದ ಕೈಯನ್ನು ಬಹಳ ಹೊತ್ತು ತೊಳೆದರು. ತಿರುಗಿದಾಗ ಅವರ ಮಾತು ಬೆಣ್ಣೆಯಾಗಿತ್ತು. ಬೈಗುಳಕ್ಕಿಂತ ಅದಕ್ಕೇ ನಾನು ಹೆಚ್ಚು ಹೆದರಿದೆ.

"ನೋಡವಾ ಗುಲ್ನಾರ. ಬಿಲ್ಲೆ ಮಷೀನಿನ ಹಿಂದ ಬಿದ್ದಿತ್ತು, ಕಸಾ ಹೊಡಿಯೂ ಮುಂದ ನನಗ ಸಿಕ್ತು ಅಂತ ಸಾಹೇಬಗ ಹೇಳು. ಅಷ್ಟಂದ್ರ ಆ ಕಿರಣದ ಅಂಕಿ ಯಾರ ಮೈಮ್ಯಾಲಿಂದೂ ಅಲ್ಲ, ಸುಳ್ಳ ಅಂಕಿ ಅಂತ ಬರದು ಕೈ ಬಿಡ್ತಾರ. ನೀ ಕಸಾ ಹೊಡ್ಯಾಕಿ. ಮಷೀನು ಹೆಂಗೈತಿ ಅಂತ ನಿನಗ ಗೊತ್ತಿಲ್ಲ. ತಿಳೀತು?"

"ಆಕಿ ಕಸಾ ಹೊಡ್ಯಾಕಿ ಆದ್ರ ನಾ ಯಾರ್ರಿ?" ಹಾಲವ್ವ ಕೇಳಿದಳು.

"ನೀ ಅವತ್ತ ರಜಾ."

*

ಮಷೀನು ಹೆಂಗೈತಿ ಅಂತ ನನಗೆ ಗೊತ್ತಿಲ್ಲ!

ಹೆಬ್ಬೆರಳಿನಷ್ಟು ಫಿಲ್ಮನ್ನು ಪೇಷಂಟಿನ ಬಾಯಿಯೊಳಗೆ, ನೋಯುವ ಹಲ್ಲಿನ ಹಿಂದೆ ಒತ್ತಿ ಹಿಡಿಯಬೇಕು. ಬಾಯಿ ತೆರೆದವರು ಓಕರಿಸುತ್ತಾರೆ, ನಾಲಗೆಯಿಂದ ತಳ್ಳುತ್ತಾರೆ. ಅಲುಗಿದರೆ ಚಿತ್ರ ಕೆಡುತ್ತದೆ. ಅದಕ್ಕೆಂದು ಡಾಕ್ಟರು ಕಂಡುಕೊಂಡ ದಾರಿ ನನ್ನ ಬೆರಳು. ಪೇಷಂಟಿನ ಗಲ್ಲಕ್ಕೆ ಎದೆ ತಾಗುವಷ್ಟು ಹತ್ತಿರ ನಿಂತು ನಾನು ಫಿಲ್ಮ್ ಹಿಡಿಯುತ್ತಿದ್ದೆ. ಡಾಕ್ಟರು ಗೋಡೆಯಾಚೆ ಹೋಗಿ ಗುಂಡಿ ಒತ್ತುತ್ತಿದ್ದರು. ಟಿಕ್ ಎಂಬ ಸದ್ದು. ನೋವಿಲ್ಲ, ಬಿಸಿಯಿಲ್ಲ, ಬೆಳಕೂ ಕಾಣಿಸುವುದಿಲ್ಲ. ಕಿರಣ ತಡೆಯುವ ಸೀಸದ ಭಾರದ ಅಂಗಿಯೊಂದು ಗೂಟಕ್ಕಿತ್ತು. ಬಂದವರಿಗೆ ಕಾಣಲೆಂದು ಅದನ್ನು ತೂಗುಹಾಕಿದ್ದರು.

ನನ್ನನ್ನು ಬೆಳೆಸಿದವಳು ದಾದಿ, ನನ್ನ ಅಜ್ಜಿ ಕುಲಸುಮಬಿ. ನವಾಬರ ಮನೆಯಲ್ಲಿ ಉರಿಯುವ ಮಶಾಲು ಹಿಡಿಯುತ್ತಿದ್ದ ಹುಡುಗಿಯ ಕಥೆಯನ್ನು ಅವಳು ಹೇಳುತ್ತಿದ್ದಳು. ಎಲ್ಲರೂ ಆ ಬೆಳಕಿನಲ್ಲಿ ಉಂಡರು, ಹಾಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ಹಿಡಿದವಳ ಮುಖವನ್ನು ಯಾರೂ ನೋಡಲಿಲ್ಲ. ಕತ್ತಲೆ ಪೆಟ್ಟಿಗೆಯಲ್ಲಿ ಕೈ ತೂರಿಸಿ ಫಿಲ್ಮ್ ತೊಳೆಯುವಾಗ ನನಗೆ ಆ ಹುಡುಗಿ ನೆನಪಾಗುತ್ತಿದ್ದಳು. ಫಿಲ್ಮಿನ ಮೇಲೆ ಹಲ್ಲುಗಳು ಬೆಳದಿಂಗಳ ರಾತ್ರಿಯ ಗೋರಿಗಳಂತೆ ಒಂದೊಂದಾಗಿ ಏಳುತ್ತಿದ್ದವು. ಚಂದವಿರುತ್ತಿದ್ದವು. ಕೆಲವೊಮ್ಮೆ ಅಂಚಿನಲ್ಲಿ ನನ್ನ ಬೆರಳಿನ ಎಲುಬೂ ಮೂಡಿರುತ್ತಿತ್ತು. ಡಾಕ್ಟರು ಆ ಅಂಚನ್ನು ಕತ್ತರಿಸಿ ಪೇಷಂಟಿಗೆ ಕೊಡುತ್ತಿದ್ದರು.

ಹೋದ ವರ್ಷ ರಮಜಾನಿಗೆ ಮುಂಚೆ ನನ್ನ ಮೊದಲ ಬಸಿರು ಇಳಿದುಹೋಯಿತು. ಯಾತಕ್ಕೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈ ಸಲ ನಿಂತಾಗ ದಾದಿ ಹುಲಗೂರಿನ ದರ್ಗಾಕ್ಕೆ ಹೋಗಿ ಕರಿದಾರ ತಂದು ಕಟ್ಟಿದಳು. ಆಗಲೇ ನನಗೆ ಮೇಡಂ ಅವರ ಬಿಲ್ಲೆಯ ನೆನಪಾದದ್ದು. ಮಷೀನು ಕೂಡಿಸಲು ಬಂದವನು, "ಇದನ್ನ ಹಾಕ್ಕೊಳ್ದ ಒಳಗ ಕಾಲ ಇಡಬ್ಯಾಡ್ರಿ, ಇದು ನಿಮ್ಮ ಸುರಕ್ಷಾಕ್ಕ" ಎಂದು ಮೇಡಂಗೆ ಹೇಳಿದ್ದನ್ನು ನಾನು ಕೇಳಿದ್ದೆ. ಆಯುಧಗಳನ್ನು ಪೂಜಿಸುವ ಖಂಡೆಪೂಜೆಯ ದಿನ ಡಾಕ್ಟರು ಮಷೀನಿನ ಜೊತೆ ಅದಕ್ಕೂ ವಿಭೂತಿ ಹಚ್ಚಿ, ಹೂ ಏರಿಸಿ, ಕೈಮುಗಿದದ್ದನ್ನು ಕಣ್ಣಾರೆ ಕಂಡಿದ್ದೆ. ಆಮೇಲೆ ಅದು ದೇವರ ಫೋಟೋದ ಮುಂದೆಯೇ ಇರುತ್ತಿತ್ತು. ಇಷ್ಟಾದ ಮೇಲೆ ಅದು ದೊಡ್ಡವರ ತಾಯತ ಅಲ್ಲದೆ ಮತ್ತೇನು? ದಿನಾ ಬೆಳಿಗ್ಗೆ ದೇವರ ಮುಂದಿನ ಕಸ ತೆಗೆಯುವ ನೆಪದಲ್ಲಿ ಅದನ್ನು ಎತ್ತಿಕೊಂಡು ದುಪಟ್ಟಾದ ಒಳಗೆ ಸಿಕ್ಕಿಸಿಕೊಂಡೆ. ಸಂಜೆ ಇದ್ದಲ್ಲೇ ಇಟ್ಟೆ. ಸಿಕ್ಕಿಸಿಕೊಂಡ ಮೇಲೆ ನನ್ನ ಅಂಜಿಕೆ ಹೋಯಿತು. ಮೊದಲಿಗಿಂತ ಹತ್ತಿರ ನಿಂತು ಹಿಡಿದೆ.

*

ಬಸಿರಿನ ಸೂಜಿ ಮಾಡಿಸಿಕೊಳ್ಳಲು ಹೋದಾಗ ತಾಲೂಕು ದವಾಖಾನೆಯ ನರ್ಸು ಯಶೋಧರಾಗೆ ಎಲ್ಲವನ್ನೂ ಹೇಳಿದೆ. ಅವಳು ಸೂಜಿಯನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟಳು.

"ಎಷ್ಟ ಬಿದ್ದೈತಿ?"

"ಕಾಗದದಾಗ ಐತ್ರಿ ಅಕ್ಕಾರ."

"ಯಾರ ಹೆಸರಲೆ?"

"ಮೇಡಮ್ಮಾರ ಹೆಸರಲೆ."

"ಹಂಗಾರ ಹುಬ್ಬಳ್ಳಿ ದೊಡ್ಡ ದವಾಖಾನಿ ಡಾಕ್ಟರು ನಿಮ್ಮ ಮೇಡಮ್ಮಾರ ಹೊಟ್ಟಿ ನೋಡಬೇಕಾತು." ಹೇಳಿದ ಮೇಲೆ ಅವಳಿಗೇ ಕೆಡುಕೆನಿಸಿತೋ ಏನೋ, ನನ್ನ ತೋಳು ಹಿಡಿದುಕೊಂಡಳು. "ತಂಗಿ, ಕೂಸಿಗೆ ಏನೂ ಆಗಿರಲಿಕ್ಕಿಲ್ಲ. ಆಗಿರಲೂಬಹುದು. ಎಷ್ಟ ಬಿತ್ತು ಅಂತ ಗೊತ್ತಾದ್ರ ದೊಡ್ಡ ಡಾಕ್ಟರು ಹೇಳ್ತಾರ, ಹೆಂಗ ನೋಡ್ಕೋಬೇಕು ಅಂತ ದಾರಿ ತೋರಸ್ತಾರ. ಬರೇ ಬಾಯಿಮಾತಿಗೆ ಯಾರೂ ಕಿವಿ ಕೊಡೂದಿಲ್ಲ. ಆ ಅಂಕಿ ನಿಂದು ಅಂತ ಸಾಹೇಬನ ಕಡೆ ಬರಸ್ಕೊಂಡ ಬಾ."

ದಾದಿ ಅಂಗಳದಲ್ಲಿ ಕೂತು ವೀಳ್ಯದೆಲೆಯ ತೊಟ್ಟು ಮುರಿಯುತ್ತಿದ್ದಳು. ಬಿಲ್ಲೆ ಕಾಯುವುದಿಲ್ಲವಂತೆ, ಬರೆದುಕೊಳ್ಳುತ್ತದಂತೆ ಅಂದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಹೆಗಲ ಮ್ಯಾಲ ಕುಂತ ಅಲ್ಲಾನ ದೂತರು, ಫರಿಶ್ತೆ ಹಂಗ ಐತಿ ಹಂಗಾರ," ಅಂದಳು. "ಅವರೂ ಏನ ಕಾಯ್ತಾರ, ಬೇಟಿ? ಪಾಪ ಪುಣ್ಯ ಬರಕೋತಾರ. ಆದ್ರ ಒಬ್ಬರದ್ದ ಒಬ್ಬರ ಹೆಸರಿಗೆ ಬರಿಯೂದಿಲ್ಲ."

"ಇದು ಬರದೈತಿ, ದಾದಿ."

ಅವಳು ಎಲೆ ಬಾಯಿಗೆ ಹಾಕಿಕೊಂಡಳು. ಅಗಿದು ಅಂಗಳದ ಮೂಲೆಗೆ ಉಗುಳಿದಳು.

"ಹಂಗಾರ ಅದನ್ನ ಬರದಾವ ಮನಷ್ಯಾ. ಮನಷ್ಯಾನ ಕೂಡ ಜಗಳಾ ಮಾಡಬಹುದು."

*

ಸಾಹೇಬರು ಬಂದ ದಿನ ಪೇಷಂಟುಗಳನ್ನೆಲ್ಲ ವಾಪಸು ಕಳಿಸಲಾಗಿತ್ತು. ಯಲವಿಗಿಯ ಶಿವಬಸವ್ವ ಮಾತ್ರ ಹೋಗಲಿಲ್ಲ. ಒಂದು ಗಲ್ಲ ಬಾತು ಕಣ್ಣು ಮುಚ್ಚಿತ್ತು. "ಸತ್ತರ ಇಲ್ಲೇ ಸಾಯ್ತೇನಿ, ಬಸ್ಸಿನ್ಯಾಗ ಸಾಯೂದಿಲ್ಲ," ಎಂದು ಬೆಂಚು ಹಿಡಿದು ಕೂತಿದ್ದಳು. ರಜೆಯಲ್ಲಿದ್ದ ಹಾಲವ್ವ ಕಟ್ಟೆಯ ಮೇಲೆ ಕೂತಿದ್ದಳು. "ರಜಾ ಐತಲ್ಲರಿ, ಅದಕ್ಕ ತಿರಗ್ಯಾಡಾಕ ಬಂದೇನಿ," ಎಂದು ಡಾಕ್ಟರಿಗೆ ಹೇಳಿದ್ದಳು. ನನ್ನ ಕೈಯಲ್ಲಿ ಕಸಬರಿಗೆ ಇತ್ತು. ಪೂಜಾ ಮೇಡಂ ಮಡಿಕೆ ಮುರಿಯದ ಬಿಳಿ ಕೋಟು ತೊಟ್ಟು, ಬಿಲ್ಲೆ ಸಿಕ್ಕಿಸಿ ನಿಂತಿದ್ದರು.

ಸಾಹೇಬರು ಚಪ್ಪಲಿ ಬಿಡುವಲ್ಲಿ ಬೂಟು ಬಿಟ್ಟು ಒಳಗೆ ಬಂದು, ಕೈಯಲ್ಲೊಂದು ಪೆಟ್ಟಿಗೆ ಹಿಡಿದು ಗೋಡೆ ಬಾಗಿಲುಗಳ ಹತ್ತಿರವೆಲ್ಲ ಕಿರಣ ಅಳೆದರು. ಬೆಂಗಳೂರು ಕಡೆಯ ಮಾತು, ದಣಿದ ಮುಖ. ಸಂಜೆಯೊಳಗೆ ಹಿರೇಕೆರೂರು ಮುಟ್ಟಬೇಕಿತ್ತಂತೆ.

"ಡಾಕ್ಟ್ರೇ, ಬ್ಯಾಡ್ಜ್ ರೂಮಲ್ಲೇ ಬಿದ್ದಿತ್ತು ಅಂತ ಬರೆದಿದ್ದೀರ. ಅಷ್ಟೇ ಆದರೆ ಇಲ್ಲಿಗೆ ಮುಗೀತು. ನೋಡಿದ್ದು ಯಾರು?"

"ಈಕೀರಿ. ಕಸಾ ಹೊಡ್ಯಾಕಿ. ಹೇಳವಾ ಸಾಹೇಬ್ರಿಗೆ."

ನಾನು ಕಸಬರಿಗೆಯ ಕಡ್ಡಿ ಸರಿಮಾಡುತ್ತ ನಿಂತೆ. ಇಬ್ಬರೂ ಕಾಯುತ್ತಿದ್ದರು. ಅಷ್ಟರಲ್ಲಿ ಬೆಂಚಿನಿಂದ ಶಿವಬಸವ್ವ ನರಳಿದಳು.

"ಎಪ್ಪಾ, ಮಾತ ಆಮ್ಯಾಲ ಆಡ್ರಿ. ನನ್ನ ಹಲ್ಲ ನೋಡ್ರಿ ಮದ್ಲ."

ಸಾಹೇಬರು ಗಡಿಯಾರ ನೋಡಿಕೊಂಡರು. "ಒಳ್ಳೆಯದೇ ಆಯ್ತು. ಮೇಡಂ, ಇವರದೊಂದು ಎಕ್ಸ್‌ರೇ ತೆಗೆದುಬಿಡಿ. ದಿನಾ ಹೇಗೆ ಮಾಡ್ತೀರೋ ಹಾಗೇ. ನೋಡಿ, ಬರೆದುಕೊಂಡು ಹೊರಡ್ತೀನಿ."

ಪೂಜಾ ಮೇಡಂ ಗಂಡನ ಮುಖ ನೋಡಿದರು. ಗಂಡ ಫಿಲ್ಮ್ ಡಬ್ಬಿ ತೋರಿಸಿದರು. ಮೇಡಂ ಎರಡೇ ಬೆರಳಲ್ಲಿ ಫಿಲ್ಮ್ ಹಿಡಿದು, ಕುರ್ಚಿಯಲ್ಲಿ ಬಾಯಿ ತೆರೆದ ಶಿವಬಸವ್ವನ ಮೇಲೆ ಬಾಗಿದರು. ಕೀವಿನ ವಾಸನೆಗೆ ಮುಖ ತಿರುಗಿಸಿದರು. ಫಿಲ್ಮ್ ನಾಲಗೆಯ ಮೇಲೆ ಬಿತ್ತು. ಶಿವಬಸವ್ವ ಓಕರಿಸಿ ಅದನ್ನು ಅಂಗೈಗೆ ಉಗುಳಿದಳು.

"ಈಯಮ್ಮಗ ಬರೂದಿಲ್ಲ. ಆ ಹುಡುಗಿ ಎಲ್ಲಿ? ದಿನಾ ಹಿಡ್ಯಾಕಿ?"

ಡಾಕ್ಟರು ಅಷ್ಟರಲ್ಲಿ ರೂಢಿಯಂತೆ ಗೋಡೆಯಾಚೆ ಗುಂಡಿಯ ಹತ್ತಿರ ಹೋಗಿಯಾಗಿತ್ತು. ಅಲ್ಲಿಂದಲೇ, ದಿನಾ ಕೂಗುವ ಹಾಗೆ ಕೂಗಿದರು.

"ಏ ಗುಲ್ನಾರ, ಎಲ್ಲಿ ಸತ್ತಿ? ಹಿಡಿ ಬಾ ಲಗೂ!"

ಕೂಗಿದ ಮೇಲೆ ಗೋಡೆಯಾಚೆ ಉಸಿರಾಡುವ ಸದ್ದೂ ನಿಂತಿತು. ಸಾಹೇಬರು ನಿಧಾನವಾಗಿ ನನ್ನ ಕಡೆ ತಿರುಗಿದರು.

"ನಾ ಕಸಾ ಹೊಡ್ಯಾಕಿರಿ ಸರ್," ಅಂದೆ. "ಕಾಗದದಾಗ ಮೇಡಮ್ಮಾರ ಹೆಸರೈತಿ. ಅವರ ಹಿಡೀಲಿ."

ಪೂಜಾ ಮೇಡಂ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಬೆನ್ನು ಹಚ್ಚಿದರು. "ನಾ ಒಲ್ಲೆರಿ. ಗುಂಡಿ ಒತ್ತಬ್ಯಾಡ್ರಿ, ನಾ ಇನ್ನೂ ಒಳಗ ಇದ್ದೇನಿ!" ಎಂದು ಗಂಡನಿಗೆ ಕೂಗಿ, ಕೋಟನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ಹೊರಗೆ ಓಡಿದರು.

"ನೋಡಿದ್ರಿಲ್ಲರಿ ಸಾಹೇಬ್ರ?" ಅಂದೆ. "ಬಿಲ್ಲೆ ಎಲ್ಲೂ ಬಿದ್ದಿರಲಿಲ್ಲ. ನನ್ನ ಎದೀ ಮ್ಯಾಲ ಇತ್ತು. ಆ ಅಂಕಿ ನಂದು. ಹೊಟ್ಟ್ಯಾಗ ಐದ ತಿಂಗಳದ್ದೈತಿ, ಅದರದ್ದೂ ಹೌದು. ನನ್ನ ಹೆಸರಿಗೆ ಬರೀರಿ. ಹುಬ್ಬಳ್ಳಿಗೆ ತೋರಸಬೇಕು."

ಡಾಕ್ಟರು ಈಚೆ ಬಂದರು. "ಸುಳ್ಳ ಹೇಳಾಕತ್ತಾಳ್ರಿ, ಕಳ್ಳಿ. ದೇವರ ಮುಂದಿಂದ ಕದ್ದಾಳ. ಪೊಲೀಸರಿಗೆ ಹಿಡದ ಕೊಡ್ತೇನಿ ಹಲ್ಕಟ್ ರಂಡಿನ್ನ."

"ಕೊಡ್ರಿ. ಅಲ್ಲೂ ಇದನ್ನ ಹೇಳ್ತೇನಿ."

ಸಾಹೇಬರು ಪೆನ್ನು ತೆಗೆದರು. ನನ್ನ ಎದೆ ಹಗುರಾಯಿತು. ಆದರೆ ಅವರು ಬರೆಯಲಿಲ್ಲ. ಡಾಕ್ಟರನ್ನು ನೋಡಿದರು, ನನ್ನನ್ನು ನೋಡಿದರು, ದಣಿದ ಕಣ್ಣು ಉಜ್ಜಿಕೊಂಡರು.

"ನೋಡಮ್ಮ, ನಿನ್ನ ಹೆಸರು ನಮ್ಮಲ್ಲಿ ಇಲ್ಲ. ಇಲ್ಲದವರ ಹೆಸರಿಗೆ ಕಿರಣದ ಡೋಸ್ ಹೇಗೆ ಬರೆಯೋದು? ಬರೆದರೆ ಇವತ್ತೇ ಮಷೀನಿಗೆ ಸೀಲು ಹಾಕಬೇಕಾಗುತ್ತೆ. ನಿನ್ನ ಕೆಲಸವೂ ಹೋಗುತ್ತೆ. ಯೋಚನೆ ಮಾಡು. ನಾನು ಆಫೀಸಿಗೆ ಹೋಗಿ ಮೇಲಿನವರನ್ನ ಕೇಳಿ..."

"ಛಾ ತಗೊಳ್ರಿ ಸಾಹೇಬ್ರ, ಮನೀಗೆ ಹೋಗೂಣು," ಅಂದರು ಡಾಕ್ಟರು. ಮತ್ತೆ ಬೆಣ್ಣೆಯ ದನಿ.

ಸಾಹೇಬರು ಪೆಟ್ಟಿಗೆ ಎತ್ತಿಕೊಂಡರು.

ನಾನು ಕಸಬರಿಗೆ ಬಿಟ್ಟು ಅವರಿಗಿಂತ ಮೊದಲು ಬೀದಿ ಬಾಗಿಲಿಗೆ ಹೋದೆ. ಹೊಸ್ತಿಲ ಮೇಲೆ ಕೂತೆ. ಕೂತರೆ ಸಾಲದೆನಿಸಿ ಚೌಕಟ್ಟಿನ ಒಂದು ಬದಿಗೆ ತಲೆ, ಇನ್ನೊಂದಕ್ಕೆ ಕಾಲು ಕೊಟ್ಟು ಅಡ್ಡ ಮಲಗಿದೆ. ಕಲ್ಲು ತಣ್ಣಗಿತ್ತು. ಒಳಗಿನ ಜೀವ ಒಮ್ಮೆ ಮಗ್ಗಲು ಬದಲಿಸಿತು.

"ಏಳಲೇ!" ಡಾಕ್ಟರು ಕೂಗಿದರು. ಮುಟ್ಟಲು ಬರಲಿಲ್ಲ. ಬೀದಿಯಲ್ಲಿ ಎಲೆ ಮಾರುವವರು, ಆಟೋದವರು ಆಗಲೇ ಇತ್ತ ನೋಡತೊಡಗಿದ್ದರು.

ಶಿವಬಸವ್ವ ಬಾತ ಗಲ್ಲ ಹಿಡಿದುಕೊಂಡು ಕುರ್ಚಿಯಿಂದ ಇಳಿದು ಬಂದಳು. ಡಾಕ್ಟರ ಮುಂದೆ ಹಾದು, ನನ್ನ ತಲೆಯ ಹತ್ತಿರ ಒಳಗಡೆ ನೆಲಕ್ಕೆ ಕೂತಳು. ಅವಳ ಅಂಗೈಯಲ್ಲಿ ಎಂಜಲು ಮೆತ್ತಿದ ಫಿಲ್ಮ್ ಇನ್ನೂ ಇತ್ತು.

ಹಾಲವ್ವ ಕಟ್ಟೆಯಿಂದ ಎದ್ದು ಬಂದು ಹೊರಗಡೆ, ನನ್ನ ಕಾಲ ಹತ್ತಿರ ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಬಸರಿ ಹೆಂಗಸನ್ನ ದಾಟಬಾರದ್ರಿ ಸಾಹೇಬ್ರ," ಅಂದಳು. "ನಿಮ್ಮ ಕಡೆ ಹೆಂಗೋ ಗೊತ್ತಿಲ್ಲ. ನಮ್ಮ ಕಡೆ ನಾಯಿ ಸುದ್ದಾ ದಾಟೂದಿಲ್ಲ."

ಸಾಹೇಬರು ಹೊಸ್ತಿಲ ತನಕ ಬಂದು ನಿಂತರು. ಹೊರಗಿದ್ದ ತಮ್ಮ ಬೂಟುಗಳನ್ನು ನೋಡಿದರು. ನನ್ನ ಹೊಟ್ಟೆಯನ್ನು ನೋಡಿದರು. ಹಿಂದಿನಿಂದ ಡಾಕ್ಟರು, "ಬರ್ರಿ, ಬರ್ರಿ, ಏನ ಆಗೂದಿಲ್ಲ," ಅನ್ನುತ್ತಿದ್ದರು. ನಾನು ಕಣ್ಣು ಮುಚ್ಚಲಿಲ್ಲ.

ಸಾಹೇಬರು ಪ್ಯಾಂಟನ್ನು ಮೊಣಕಾಲ ಹತ್ತಿರ ತುಸು ಮೇಲಕ್ಕೆಳೆದುಕೊಂಡು, ನನ್ನನ್ನು ದಾಟಲು ಒಂದು ಕಾಲು ಎತ್ತಿದರು.