ಕಂಬಳಿಯ ಕೆಳಗಿನ ಹಿಡಿತ

ಕಾಲುವೆಗೆ ನೀರು ಬಿಟ್ಟ ವಾರದಲ್ಲಿ ದಢೇಸುಗೂರಿನ ಸುತ್ತ ಯಾರಾದರೊಬ್ಬರು ಜಾರಿ ಬಿದ್ದು ಕೈಕಾಲು ಮುರಿದುಕೊಳ್ಳುವುದು ಹೊಸ ಸಂಗತಿಯೇನಲ್ಲ. ಪಾಚಿಗಟ್ಟಿದ ಕಲ್ಲು, ನೀರಿನ ಸೆಳೆತ, ತನ್ನ ಗದ್ದೆಗೇ ಮೊದಲು ನೀರು ಹಾಯಬೇಕೆಂಬ ಅವಸರ, ಇಷ್ಟಿದ್ದರೆ ಸಾಕು. ೧೯೯೩ರ ಮಳೆಗಾಲದಲ್ಲಿ ಆ ಸರದಿ ಯಂಕೋಬನಿಗೆ ಬಂದಿತು. ತೂಬಿನ ಕಲ್ಲಿನಿಂದ ಬಿದ್ದವನ ಬಲ ಮೊಣಕಾಲ ಕೆಳಗಿನ ಎಲುಬು ಎರಡಾಗಿತ್ತು. ಸಿಂಧನೂರಿನ ಎಲುಬಿನ ದವಾಖಾನೆಯಲ್ಲಿ ಡಾಕ್ಟರರು ಆಪರೇಷನ್ ಮಾಡಿ, ಎಲುಬು ಕೂಡಿಸಿ, ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಪಟ್ಟಿ ಹಾಕಿದರು. ಬೆರಳುಗಳಷ್ಟೇ ಹೊರಗಿದ್ದವು.

ಆದರೆ ಅವನ ಕಾಲು ಹಿಡಿದೆಳೆದದ್ದು ನೀರಿನಲ್ಲಿ ಸತ್ತವನ ದೆವ್ವವೆಂದು ಊರಿನ ಬಾಯಿ ಆಡುತ್ತಿತ್ತು. ಹಿಂದಿನ ವರ್ಷ ಅದೇ ತೂಬಿನಲ್ಲಿ ಯಂಕೋಬನ ಗೆಳೆಯ ಗಿಡ್ಡಪ್ಪ ಮುಳುಗಿ ಸತ್ತಿದ್ದ. ಅಂದು ದಂಡೆಯಲ್ಲಿದ್ದ ಯಂಕೋಬ ಅವನ ಮುಂಗೈ ಹಿಡಿದಿದ್ದನು. ನೀರಿನ ರಭಸಕ್ಕೆ ಆ ಕೈ ಜಾರಿತು. ಮೂರನೆಯ ದಿನ ವಳಕಮದಿನ್ನಿಯ ಹತ್ತಿರ ಹೆಣ ಸಿಕ್ಕಾಗ ಮೊದಲು ಕಂಡದ್ದು ಬಾತು ನೀಲಿಗಟ್ಟಿದ ಕಾಲ್ಬೆರಳುಗಳು. ಅವನ್ನು ಯಂಕೋಬ ಮರೆತಿರಲಿಲ್ಲ.

ಯಂಕೋಬನ ತಾಯಿ ಮಾರೆಮ್ಮ ದವಾಖಾನೆಗೆ ಬಂದವಳೇ ವಿಭೂತಿ ಹಚ್ಚಿದ ಕರಿಕಂಬಳಿಯನ್ನು ಮಗನ ಕಾಲಿಗೆ ಬೆರಳೂ ಕಾಣದಂತೆ ಹೊದಿಸಿದಳು. ನೀರಿನವನು ಹಿಡಿದ ಕಾಲನ್ನು ಪರರ ಕಣ್ಣಿಗೆ ತೋರಿಸಬಾರದು, ಏನೇ ಅನಿಸಿದರೂ ಬಾಯಿಬಿಟ್ಟು ಹೇಳಬಾರದು, ಹೇಳಿದರೆ ಹಿಡಿತ ಬಲಿಯುತ್ತದೆ ಎಂದು ತಾಕೀತು ಮಾಡಿದಳು. ಆಪರೇಷನ್ನಿನ ಮೂರನೆಯ ದಿನ ಅಮಾವಾಸ್ಯೆ. ಟೆಂಪೋ ತರಿಸಿ ಮಗನನ್ನು ತೂಬಿಗೆ ಒಯ್ದು, ಮೊಸರನ್ನ ನಿವಾಳಿಸುವುದೆಂದು ಅವಳು ನಿಶ್ಚಯಿಸಿದ್ದಳು.

ಆಪರೇಷನ್ನಿನ ಎರಡನೆಯ ದಿನ ಬೆಳಿಗ್ಗೆ ಯಂಕೋಬನ ಮೀನಖಂಡದ ಸುತ್ತ ಏನೋ ಒಂದು ಬಿಗಿಯತೊಡಗಿತು. ಮೊದಲು ಹಗ್ಗ ಸುತ್ತಿದಂತಿತ್ತು. ಹೊತ್ತೇರಿದಂತೆ ಅದು ಹಗ್ಗವಲ್ಲ, ಕೈ ಎಂದು ಅವನಿಗೆ ಖಾತ್ರಿಯಾಯಿತು. ಮುಂದೆ ನಾಲ್ಕು ಬೆರಳು, ಹಿಂದೆ ಒಂದು ಹೆಬ್ಬೆರಳು. ಸಿಸ್ಟರ್ ಮೀರಾಬಿ ಬಂದು ನೋವು ಹೇಗಿದೆಯೆಂದು ಕೇಳಿದಳು. ಯಂಕೋಬ ತಾಯಿಯ ಮುಖ ನೋಡಿ, ಆರಾಮಿದ್ದೇನೆ ಎಂದನು. ಹೊತ್ತಿಗೆ ಕೊಡುವ ಇಂಜೆಕ್ಷನ್ ಕೊಟ್ಟು ಅವಳು ಹೋದಳು. ನಿನ್ನೆ ಅದೇ ಇಂಜೆಕ್ಷನ್ನಿಗೆ ನಿದ್ದೆ ಬಂದಿತ್ತು. ಇಂದು ಆ ಕೈ ಒಂದು ಎಳೆಯಷ್ಟೂ ಸಡಿಲಲಿಲ್ಲ.

ಮಟಮಟ ಮಧ್ಯಾಹ್ನ ಕರೆಂಟು ಹೋಯಿತು. ಫ್ಯಾನು ನಿಂತಿತು. ಹೊರಗಿನ ನಲ್ಲಿಯಿಂದ ನೀರು ಮಾತ್ರ ತೊಟ್ಟಿಕ್ಕುತ್ತಿತ್ತು. ಯಂಕೋಬನ ಮೂಗಿಗೆ ಕಾಲುವೆಯ ಕೆಸರಿನ ವಾಸನೆ ಬಡಿಯಿತು. ಬೆರಳಾಡಿಸಲು ನೋಡಿದನು, ಅವು ಆಡಿದವೋ ಇಲ್ಲವೋ ತಿಳಿಯಲಿಲ್ಲ. ಕಂಬಳಿಯ ಕೆಳಗೆ ತನ್ನ ಕಾಲು ಮುಗಿದು ಇನ್ನೊಬ್ಬರ ಕಾಲು ಶುರುವಾದಂತಿತ್ತು. ಅಂದು ನಾನು ಬಿಟ್ಟ ಕೈ ಇಂದು ನನ್ನನ್ನು ಬಿಡದು, ಒಯ್ಯಲಿ, ಎಂದು ಅವನು ಕಣ್ಣು ಮುಚ್ಚಿದನು.

ಹೆಂಡತಿ ಆದಮ್ಮ ಒದ್ದೆ ಬಟ್ಟೆಯಿಂದ ಅವನ ಮೈ ಒರೆಸುತ್ತ, ಅತ್ತೆ ಅತ್ತ ತಿರುಗಿದಾಗ ಕಂಬಳಿಯೊಳಗೆ ಕೈ ಹಾಕಿದಳು. ತಟ್ಟನೆ ಹಿಂದೆ ತೆಗೆದಳು. ಅಂಥ ಬಿಸಿಲಿನಲ್ಲಿ ಗಂಡನ ಬೆರಳುಗಳು ನೀರಿನಿಂದ ತೆಗೆದ ಮೀನಿನಂತಿದ್ದವು. ಅವಳು ಬಾಗಿಲಿಗೆ ನಡೆದಾಗ ಮಾರೆಮ್ಮ ಅಡ್ಡ ನಿಂತಳು.

“ಎಲ್ಲಿಗೆ ಹೊಂಟಿ ಬೇ? ಬಾಯಿ ಬಿಡಬ್ಯಾಡ ಅಂತ ಹೇಳಿಲ್ಲೇನು?”

“ಕಾಲು ಥಣ್ಣಗಾಗೈತಿ ಅತ್ತಿ. ನೀವು ಬಾಯಿ ಕಟ್ಟಿದ್ದು ದೆವ್ವಕ್ಕಲ್ಲ, ನನ್ನ ಗಂಡಗ.”

ಇಷ್ಟು ದಿನದಲ್ಲಿ ಅತ್ತೆಗೆ ಅವಳು ಎದುರಾಡಿದ್ದು ಅದೇ ಮೊದಲು.

ಅತ್ತೆಯನ್ನು ದಾಟಿ ಹೋದ ಆದಮ್ಮ ಕಾಲಿನ ಸಂಗತಿ, ನಾಳೆ ತೂಬಿಗೆ ಒಯ್ಯುವ ಸಂಗತಿ ಎರಡನ್ನೂ ಹೇಳಲು ಮೀರಾಬಿ ಓಡಿ ಬಂದಳು. “ಏನು ಯಂಕೋಬಣ್ಣ, ನಿನ್ನ ಕಾಲೇನು ಮದುಮಗಳೇನು, ಮುಸುಕು ಹಾಕ್ಕೊಂಡು ಕುಂತೈತಿ?” ಎನ್ನುತ್ತಲೇ ಕಂಬಳಿ ಸರಿಸಿದಳು. ಅವಳ ನಗು ಅಲ್ಲಿಗೇ ನಿಂತಿತು.

ಯಂಕೋಬ ತಲೆಯೆತ್ತಿ ನೋಡಿದನು. ಪಟ್ಟಿಯ ತುದಿಯಲ್ಲಿ ಐದು ಬೆರಳು ಬಾತು ನೀಲಿಗಟ್ಟಿದ್ದವು.

“ಇವು ನನ್ನವಲ್ರಿ,” ಎಂದನು ಮೆಲ್ಲಗೆ. “ಗಿಡ್ಡಪ್ಪನವು. ಮುಂಜಾನಿಂದ ಹಿಡಕೊಂಡಾನ.”

ಮೀರಾಬಿ ನಗಲೂ ಇಲ್ಲ, ಬೈಯಲೂ ಇಲ್ಲ. ಹೆಬ್ಬೆರಳ ಉಗುರನ್ನು ಒತ್ತಿ ಬಿಟ್ಟಳು. ಬಿಳಿಯಾದ ಉಗುರಿಗೆ ರಕ್ತ ತಿರುಗಿ ಬರಲು ಬಹಳ ಹೊತ್ತು ಹಿಡಿಯಿತು. ಬೆರಳನ್ನು ತುಸುವೇ ಮೇಲಕ್ಕೆತ್ತಿದಳು. ಯಂಕೋಬ ಹಲ್ಲು ಕಚ್ಚಿ ನರಳಿದನು. ಅವಳು ಕಾಂಪೌಂಡರನನ್ನು ಕೂಗಿ, ಡಾಕ್ಟರರನ್ನು ಊಟದಿಂದ ಎಬ್ಬಿಸಿಯಾದರೂ ಕರೆತರುವಂತೆ, ಪಟ್ಟಿ ಒಡೆಯಬೇಕೆಂದು ಹೇಳುವಂತೆ ಅಟ್ಟಿದಳು.

“ಪಟ್ಟಿ ಒಡೆದರ ದೆವ್ವ ಬಿಡತೈತೇನು ತಂಗಿ?” ಮಾರೆಮ್ಮನ ಮಾತಿನಲ್ಲಿ ಕುಹಕಕ್ಕಿಂತ ಭಯವೇ ಹೆಚ್ಚಿತ್ತು.

“ದೊಡ್ಡವ್ವಾ, ಬಳಿ ತೊಟ್ಟ ಕೈ ಬಾತರ ಏನಾಗತೈತಿ? ಬಳಿ ಹಿಡೀತೈತಿ. ಬಳ್ಯಾಗ ದೆವ್ವ ಹೊಕ್ಕೈತಿ ಅಂತೀರೇನು? ಒಡದು ತೆಗೀತೀರಿ. ಆಪರೇಷನ್ ಆದ ಕಾಲಿಗೆ ಒಳಗ ಬಾವು ಬರತೈತಿ. ಪಟ್ಟಿ ಹಿಗ್ಗಂಗಿಲ್ಲ. ರಕ್ತ ಹೋಗೂ ದಾರಿ ಮುಚ್ಚತೈತಿ. ನಾಳೆ ತೂಬಿಗೆ ಒಯ್ಯೂತನಕ ಬಿಟ್ಟಿದ್ರ, ಈ ಕಾಲು ಉಳೀತಿದ್ದಿಲ್ಲ.”

ಮಾರೆಮ್ಮ ತನ್ನ ಹಸಿರು ಬಳೆಗಳನ್ನು ನೋಡುತ್ತ ಗೋಡೆಗೊರಗಿ ಕುಳಿತಳು.

ಡಾಕ್ಟರರು ಕೈತೊಳೆದು ಬಂದವರೇ ಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ, ಒಳಗಿನ ಹತ್ತಿಯ ಸಮೇತ ಸೀಳಿ ಅಗಲಿಸಿದರು. ಆ ಕೈ ತನ್ನ ಕಾಲನ್ನು ಒಂದೊಂದೇ ಬೆರಳಾಗಿ ಬಿಡುವುದು ಯಂಕೋಬನಿಗೆ ಸ್ಪಷ್ಟವಾಗಿ ತಿಳಿಯಿತು. ಕೊನೆಗೆ ಹೆಬ್ಬೆರಳೂ ಬಿಟ್ಟಾಗ ಅವನ ಪಾದಕ್ಕೆ ಸಾವಿರ ಇರುವೆ ಮುತ್ತಿದವು. ಬಾವು ಇಳಿಯದಿದ್ದರೆ ಮತ್ತೆ ಆಪರೇಷನ್ ಮಾಡಬೇಕಾದೀತೆಂದು ಡಾಕ್ಟರರು ಮಗ್ಗುಲಲ್ಲೇ ಕುಳಿತರು. ಸಂಜೆಯ ಹೊತ್ತಿಗೆ ಉಗುರುಗಳಲ್ಲಿ ಕೆಂಪಾಡಿತು. ಹೊರಗಿನ ನಲ್ಲಿ ತೊಟ್ಟಿಕ್ಕುವುದು ಯಾವಾಗಲೋ ನಿಂತಿತ್ತು. ಅದನ್ನು ನಿಲ್ಲಿಸಿದವರು ಯಾರೆಂದು ಯಂಕೋಬ ಕೇಳಲಿಲ್ಲ.

ಮರುದಿನ ಮಾರೆಮ್ಮ ತೂಬಿಗೆ ಹೋದಳು, ಮಗನನ್ನು ಬಿಟ್ಟು ಒಬ್ಬಳೇ. ಗಿಡ್ಡಪ್ಪನೂ ತನ್ನ ಕೈಯ ರೊಟ್ಟಿ ತಿಂದವನೇ ಎಂದು ಎಡೆಯಿಟ್ಟು, ಕೈಮುಗಿದು, ಸಿಕ್ಕ ಮೊದಲ ಬಸ್ಸಿಗೆ ಮರಳಿದಳು. ಬಂದವಳು ಕಂಬಳಿಯನ್ನು ಮಡಚಿ ತನ್ನ ತಲೆಗಿಂಬು ಮಾಡಿಕೊಂಡು, ತಾಸಿಗೊಮ್ಮೆ ಮಗನ ಉಗುರು ಒತ್ತಿ ನೋಡತೊಡಗಿದಳು. ಪಕ್ಕದ ಮಂಚದವರು ಕಾಲಿಗೆ ಹೊದಿಕೆ ಹೊದಿಸಿದರೆ ಅವರನ್ನೂ ಬೈದಳು. “ಎಡಿ ಇಡೂದು ಬ್ಯಾರೆ, ಬೆರಳು ನೋಡೂದು ಬ್ಯಾರೆ. ಒಂದರ ಕೆಲಸಕ್ಕ ಇನ್ನೊಂದು ಆಗಂಗಿಲ್ಲ.”

ಓದುವ ಅಣ್ಣಂದಿರೇ, ಕೇಳುವ ಅಕ್ಕಂದಿರೇ, ನಿಮ್ಮವರಿಗೂ ಎಲುಬಿನ ಆಪರೇಷನ್ ಆಗಿ ಪಟ್ಟಿ ಬಿದ್ದಿದ್ದರೆ, ಮೊದಲ ಕೆಲವು ದಿನ ಕೈಯದಾಗಲಿ ಕಾಲಿನದಾಗಲಿ ಬೆರಳುಗಳನ್ನು ಮುಚ್ಚಬೇಡಿ. ಮೇಲಿಂದ ಮೇಲೆ ಅವನ್ನು ಮುಟ್ಟಿ, ಆಡಿಸಲು ಹೇಳಿ. ಇಂಜೆಕ್ಷನ್ನಿಗೂ ಬಗ್ಗದೆ ನೋವು ಏರುತ್ತಿದ್ದರೆ, ಬೆರಳು ತಣ್ಣಗಾದರೆ, ಜೋಮು ಹಿಡಿದರೆ, ನೀಲಿಯಾದರೆ, ಡಾಕ್ಟರರು ಬರುವ ಹೊತ್ತಿಗಾಗಿ ಕಾಯಬೇಡಿ. ಎಣ್ಣೆ ಹಚ್ಚಿ ತಿಕ್ಕಬೇಡಿ. ಆ ಕ್ಷಣವೇ ಕೂಗಿ ಕರೆಯಿರಿ. ರೋಗಿ “ಆರಾಮ” ಎಂದರೂ ಅವನ ಮಾತನ್ನಷ್ಟೇ ನಂಬಬೇಡಿ.

ಹೊದಿಕೆ ಸರಿಸಿ ನೋಡಿ.