ಏಳು ದಿನಕ್ಕೆ ಬಿಚ್ಚುವ ಹೊಲಿಗೆ

ನಲವತ್ತು ವರ್ಷ ಕತ್ತರಿ ಹಿಡಿದ ಕೈ ಅದು. "ನಾನು ತಪ್ಪಿ ಕತ್ತರಿಸಿದ್ದನ್ನ ಕಂಡವರಿಲ್ಲ" ಎಂದು ಟೈಲರಮ್ಮ ಬೀಗುತ್ತಿದ್ದುದೂ ಅಷ್ಟೇ ವರ್ಷದಿಂದ. ಆ ಬಿಂಕವೆಲ್ಲ ಅವತ್ತು ಮಧ್ಯಾಹ್ನ ಹನ್ನೆರಡಕ್ಕೆ ಇಳಿಯಿತು. ಸೊಸೆಗೆಂದು ಹೊಲಿದ ನೀಲಿ ರೇಷ್ಮೆ ಗೌನಿನ ಒಳಗಿನ ದಾರ ಕತ್ತರಿಸಲು ಹೋಗಿ, ಸೊಂಟದ ಹತ್ತಿರ ಬಟ್ಟೆಯನ್ನೇ ಹೆಬ್ಬೆರಳುದ್ದ ಕತ್ತರಿಸಿಬಿಟ್ಟಳು.

ಸಂಜೆ ಐದಕ್ಕೆ ಆಸ್ಪತ್ರೆಯಲ್ಲಿ ಸಮಾರಂಭ. ಸೊಸೆ ಹೆಡ್ ನರ್ಸ್ ಆಗುತ್ತಾಳೆ. ಆ ಬಟ್ಟೆ ಅಂಗಡಿಯಲ್ಲೂ ಮುಗಿದಿದೆ. ಮೇಲಾಗಿ ಅವಳಿರುವುದು ಆಪರೇಷನ್ ಆದವರ ವಾರ್ಡಿನಲ್ಲಿ, ದಿನವಿಡೀ ಹೊಲಿಗೆ ನೋಡುವುದೇ ಕೆಲಸ. ಅಂಥವಳ ಕಣ್ಣಿಗೆ ಮಣ್ಣೆರಚುವುದುಂಟೇ?

ಟೈಲರಮ್ಮ ಬಾಗಿಲು ಮುಚ್ಚಿ ಮೊಬೈಲ್ ತೆಗೆದಳು. ಬೇರೆಯವರನ್ನು ಕೇಳಿದರೆ ಮರ್ಯಾದೆ ಹೋಗುತ್ತದೆ. ಒಂದೊಂದೇ ಅಕ್ಷರ ಒತ್ತಿ ಹುಡುಕಿದಳು: "ಹೊಲಿಗೆ ಕಾಣದ ಹಾಗೆ ಹಾಕುವುದು ಹೇಗೆ?"

ಮೊದಲ ವಿಡಿಯೋದಲ್ಲೇ ಕೈಗವಸು ತೊಟ್ಟ ಡಾಕ್ಟರು!

"ಅಯ್ಯಯ್ಯೋ, ನಾನು ಕೇಳಿದ್ದು ಬಟ್ಟೆಗಪ್ಪಾ!"

ಬೆರಳ ಸಂದಿಯಿಂದ ಇಣುಕಿದರೆ ರಕ್ತವಿಲ್ಲ, ಸ್ಪಂಜಿನ ಮೇಲೆ ಪಾಠ. ಸೂಜಿ ಒಳಗೊಳಗೇ ಈ ಅಂಚಿಗೊಮ್ಮೆ ಆ ಅಂಚಿಗೊಮ್ಮೆ ಹೋಯಿತು; ದಾರ ಎಳೆದದ್ದೇ ತಡ, ಅಂಚುಗಳು ಕೂಡಿಕೊಂಡು ದಾರ ಮಾಯ. ಕನ್ನಡಕ ಏರಿಸಿ ಐದು ಸಲ ನೋಡಿದಳು. ಚಿಂದಿಬಟ್ಟೆಯ ಮೇಲೆ ಮೂರು ಸಲ ಕೆಡಿಸಿದಳು, ನಾಲ್ಕನೆಯದಕ್ಕೆ ಕೈ ಕೂತಿತು. ಈ ವಯಸ್ಸಿನಲ್ಲಿ ಹೊಸದೊಂದು ಕಲಿತೆನಲ್ಲ ಎಂಬ ಖುಷಿಯಲ್ಲಿ, ಗೌನಿನ ಅಂಚು ಒಳಮಡಿಸಿ ಹೊಲಿಯುವಾಗ ಭಯವೇ ಮರೆತುಹೋಯಿತು.

ಮೂರೂವರೆಗೆ ಸೊಸೆ ಬಂದು ಗೌನು ತೊಟ್ಟಳು. ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿ, ಸೊಂಟದ ಮೇಲೆ ಕೈಯಾಡಿಸಿದವಳು ಥಟ್ಟನೆ ನಿಂತಳು.

"ಅತ್ತೆ, ಇದು ನಮ್ಮ ವಾರ್ಡಿನ ಹೊಲಿಗೆ ಅಲ್ವಾ?"

ಟೈಲರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಕತ್ತರಿ ತಾಗಿಬಿಡ್ತು ಕಣೆ, ತಪ್ಪಾಯ್ತು. ಮೊಬೈಲಲ್ಲಿ ಯಾರೋ ಡಾಕ್ಟ್ರು ಹೇಳ್ಕೊಟ್ರು."

ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಮ್ಮ ಡಾಕ್ಟ್ರಿಗೂ ಇಷ್ಟು ನೀಟಾಗಿ ಬರಲ್ಲ ಅತ್ತೆ!"

ಟೈಲರಮ್ಮನ ಮುಖ ಇನ್ನೂ ಪೆಚ್ಚಾಗಿಯೇ ಇತ್ತು. "ನಗ್ತೀಯಲ್ಲೇ... ಏಳು ದಿನಕ್ಕೆ ಬಿಚ್ಚಬೇಕು ಅಂದ್ರು ಕಣೆ ಆ ಡಾಕ್ಟ್ರು."

ಸೊಸೆ ಅತ್ತೆಯ ಎರಡೂ ಕೈ ಹಿಡಿದುಕೊಂಡಳು. "ಈ ಹೊಲಿಗೆ ಯಾರೂ ಬಿಚ್ಚೋ ಹಾಗಿಲ್ಲ."

ಹೆಡ್ ನರ್ಸ್ ಕೊಟ್ಟ ಮೊದಲ ಆರ್ಡರು ಅದು.